ಡಿಟಿಪಿ ಅಂಗಡಿಯಲ್ಲಿ ಸಿಡಿ-ಆರ್‌ಡಬ್ಲ್ಯೂ: ಯಾವುದಕ್ಕೆ ಸೈ, ಯಾವುದಕ್ಕೆ ಬೇಡ

ಮೊದಲೇ ಹೇಳಿಬಿಡುತ್ತೇನೆ: ಸಿಡಿ-ಆರ್‌ಡಬ್ಲ್ಯೂ, ಅಂದರೆ ಅಳಿಸಿ ಬರೆಯುವ ಸಿಡಿ, ಸಂತೆಗೆ ಒಯ್ಯುವ ಚೀಲ, ತಿಜೋರಿಯಲ್ಲ. ಫೈಲು ಸಾಗಿಸುವ ಕೆಲಸಕ್ಕೆ ಅದು ನನಗೆ ವರ್ಷಗಟ್ಟಲೆ ದುಡಿದಿದೆ. ಅದರಲ್ಲೇ ಮದುವೆ ಫೋಟೊ ತುಂಬಿಸಿಟ್ಟವರು ಮಾತ್ರ ಈಗಲೂ ಡಿಸ್ಕು ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ.

ಅಂಗಡಿ ಇರೋದು ಮುಂಡರಗಿಯಲ್ಲಿ, ಮುದ್ರಣ ಗದಗಿನಲ್ಲಿ. ಬರೀ ಪೇಜ್‌ಮೇಕರ್ (ಪುಟ ಜೋಡಿಸುವ ತಂತ್ರಾಂಶ) ಫೈಲಾದರೆ 1.44 ಎಂಬಿ ಫ್ಲಾಪಿ ಸಾಕಾಗುತ್ತಿತ್ತು. ನಾಲ್ಕು ಬಣ್ಣದ ಪೋಸ್ಟರಿಗೆ ಅದು ಯಾವ ಮೂಲೆಗೂ ಸಾಲದು. ಪೆನ್‌ಡ್ರೈವ್ ಆಗ ತುಟ್ಟಿ. ಬರೆದದ್ದನ್ನು ಅಳಿಸಲಾಗದ ಸಾದಾ ಸಿಡಿಯಲ್ಲಿ (ಸಿಡಿ-ಆರ್) ಬರೆದರೆ, ಲಗ್ನಪತ್ರಿಕೆಯ ‘ಸುಖಾಗಮನ ಬಯಸುವವರು’ ಪಟ್ಟಿಗೆ ಇನ್ನೊಬ್ಬ ಕಾಕಾನ ಹೆಸರು ಸೇರಿದಾಗೆಲ್ಲ ಒಂದು ಸಿಡಿ ದಂಡ. ಡಿಸ್ಕನ್ನು ಪೂರ್ತಿ ಮುಚ್ಚದೆ ಬಿಟ್ಟು, ಹೊಸ ಫೈಲನ್ನು ಅದೇ ಸಿಡಿಗೆ ಆಮೇಲೆ ಸೇರಿಸಬಹುದಿತ್ತು, ನಿಜ. ಆದರೆ ಪ್ರೆಸ್ಸಿನವರು ಹಳೇ ಫೈಲನ್ನೇ ತೆಗೆದು ಪ್ಲೇಟ್ ಮಾಡಿಬಿಟ್ಟರೆ? ಪೂರ್ತಿ ಅಳಿಸಿ ಹೊಸ ಫೈಲೊಂದನ್ನೇ ಹಾಕಿ ಕಳಿಸುವ ನೆಮ್ಮದಿಗಾಗಿಯೇ ನಾನು ಆರ್‌ಡಬ್ಲ್ಯೂ ಹಿಡಿದದ್ದು.

ಮೊದಲ ತಕರಾರು ಪ್ರೆಸ್ಸಿನಿಂದಲೇ ಬಂತು. “ಏನ್ರೀ, ಇದರಾಗ ಏನೂ ಇಲ್ಲಲ್ರೀ” ಅಂತ ಫೋನು. ಡಿಸ್ಕು ಸರಿಯಾಗೇ ಇತ್ತು, ಅವರ ಡ್ರೈವ್ ಹಳೆಯದು. ಕಂಪನಿಯಿಂದ ಅಚ್ಚಾಗಿ ಬರುವ ಸಿಡಿ ಲೇಸರ್ ಬೆಳಕಿನ ಶೇ. 70ರಷ್ಟನ್ನು ಹಿಂದಕ್ಕೆ ಕಳಿಸಿದರೆ, ಆರ್‌ಡಬ್ಲ್ಯೂ ಕಳಿಸೋದು ಶೇ. 15ರಿಂದ 25 ಮಾತ್ರ. 1997ರ ಸುಮಾರಿಗೆ ಬಂದ ‘ಮಲ್ಟಿರೀಡ್’ ಗುರುತಿನ ಡ್ರೈವ್‌ಗಳು ಇಷ್ಟು ಮಂಕು ಬೆಳಕನ್ನೂ ಓದುವಂತೆ ಮಾಡಿದವು. ಅದಕ್ಕಿಂತ ಹಿಂದಿನವು, ಮನೆಯ ಹಳೇ ಸಿಡಿ ಪ್ಲೇಯರ್‌ಗಳು, ಅನೇಕ ಕಾರ್ ಸ್ಟೀರಿಯೊಗಳು ಇದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಇದರ ಒಳಗುಟ್ಟು ಚೆನ್ನಾಗಿದೆ. ಸಾದಾ ಸಿಡಿಯಲ್ಲಿ ಲೇಸರ್ ಬಣ್ಣದ ಪದರವನ್ನು ಸುಡುತ್ತದೆ, ಸುಟ್ಟದ್ದು ಸುಟ್ಟಂತೆಯೇ. ಇದರಲ್ಲಿ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲೂರಿಯಂ ಬೆರೆಸಿದ ಲೋಹದ ಪದರವಿದೆ. ಸುಮಾರು 600 ಡಿಗ್ರಿಗೆ ಕಾಯಿಸಿ ತಟ್ಟನೆ ತಣಿಸಿದರೆ ಆ ಚುಕ್ಕೆ ಹರಳುಗಟ್ಟದೆ ಮಂಕಾಗಿ ಉಳಿಯುತ್ತದೆ. 200 ಡಿಗ್ರಿಗೆ ಕಾಯಿಸಿದರೆ ಮತ್ತೆ ಹರಳುಗಟ್ಟುತ್ತದೆ, ಅಳಿಸೋದು ಅಂದರೆ ಅಷ್ಟೇ. ಸಾವಿರ ಸಲ ಬರೆಯಬಹುದು ಅಂತಾರೆ. ಬಸ್ಸಿನಲ್ಲಿ ಓಡಾಡುವ ಡಿಸ್ಕಿಗೆ ಅದಕ್ಕಿಂತ ಎಷ್ಟೋ ಮೊದಲೇ ಗೀರು ಬಿದ್ದಿರುತ್ತದೆ.

ಅಳಿಸುವಾಗ ಒಂದು ಎಚ್ಚರ. ‘ಕ್ವಿಕ್ ಇರೇಸ್’ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಯಾಕೆಂದರೆ ಅದು ಅಳಿಸೋದು ಡಿಸ್ಕಿನ ಆರಂಭದ ಸೂಚಿಯನ್ನಷ್ಟೇ. ಒಳಗಿನ ಮಾಹಿತಿ ಹಾಗೇ ಇರುತ್ತದೆ, ಗೊತ್ತಿದ್ದವರು ತೆಗೆಯಬಲ್ಲರು. ಗಿರಾಕಿಯ ಮಾರ್ಕ್ಸ್‌ಕಾರ್ಡ್, ಜಾತಿ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಹಾಕಿದ ಡಿಸ್ಕನ್ನು ಇನ್ನೊಬ್ಬರಿಗೆ ಕೊಡೋದಿದ್ದರೆ ‘ಫುಲ್ ಇರೇಸ್’ ಮಾಡಲೇಬೇಕು. 4ಎಕ್ಸ್ (ಸಿಡಿಯ ಮೂಲ ವೇಗದ ನಾಲ್ಕು ಪಟ್ಟು) ಡಿಸ್ಕಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಒಂದು ಚಹಾ ಕುಡಿದು ಬನ್ನಿ.

ಇನ್‌ಸಿಡಿ, ಡೈರೆಕ್ಟ್‌ಸಿಡಿಯಂಥ ತಂತ್ರಾಂಶ ಹಾಕಿಕೊಂಡರೆ ಸಿಡಿಯನ್ನು ಫ್ಲಾಪಿಯಂತೆಯೇ ಬಳಸಬಹುದು: ಫೈಲು ಎಳೆದು ಹಾಕಿ, ಬೇಡವಾದದ್ದನ್ನು ಡಿಲೀಟ್ ಮಾಡಿ. ಕೇಳೋಕೆ ಸೊಗಸು. ಆದರೆ 650 ಎಂಬಿ ಡಿಸ್ಕು ಫಾರ್ಮ್ಯಾಟ್ ಆದಮೇಲೆ 530ರ ಆಸುಪಾಸಿಗೆ ಇಳಿಯುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಆ ಬಗೆ ಓದುವ ವ್ಯವಸ್ಥೆ ಇಲ್ಲದಿದ್ದರೆ ತೆರೆಯೋದೇ ಇಲ್ಲ. ಬರೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟರೆ, ಆ ಒಂದು ಫೈಲಷ್ಟೇ ಅಲ್ಲ, ಡಿಸ್ಕಿನ ಪಟ್ಟಿಯೇ ಕೆಟ್ಟು ಎಲ್ಲವೂ ಕಾಣೆಯಾಗಬಹುದು. ಲೋಡ್ ಶೆಡ್ಡಿಂಗ್ ಊರಿಗೆ ಇದು ಹೇಳಿಸಿದ್ದಲ್ಲ. ಒಂದೇ ಸಲಕ್ಕೆ ಪೂರ್ತಿ ಬರೆದು, ವೆರಿಫೈ ಮಾಡಿ, ಕಳಿಸೋದೇ ನನಗೆ ಒಗ್ಗಿದ ದಾರಿ.

ಕೊಳ್ಳುವಾಗ ವೇಗದ ಗುರುತು ನೋಡದಿದ್ದರೆ ದುಡ್ಡು ದಂಡ. ‘ಹೈಸ್ಪೀಡ್’, ‘ಅಲ್ಟ್ರಾಸ್ಪೀಡ್’ ಡಿಸ್ಕುಗಳಿಗೆ ಹಳೇ 4ಎಕ್ಸ್ ರೈಟರ್ ಬರೆಯಲಾರದು.

ಇಟ್ಟುಕೊಂಡವುಗಳಲ್ಲಿ ಹೆಚ್ಚು ಹಾಳಾದದ್ದು ಮೇಲ್ಭಾಗದಿಂದ. ಜನ ಹೊಳೆಯುವ ಕೆಳಬದಿಯನ್ನೇ ಕಾಪಾಡುತ್ತಾರೆ, ಅಲ್ಲಿ ಮಿಲಿಮೀಟರಿಗೂ ಮಿಕ್ಕಿ ದಪ್ಪದ ಪ್ಲಾಸ್ಟಿಕ್ ಇದೆ. ಮಾಹಿತಿಯ ಪದರ ಇರೋದು ಹೆಸರು ಬರೆಯುವ ಬದಿಗೆ ತಾಗಿಕೊಂಡು, ತೆಳ್ಳಗಿನ ಲ್ಯಾಕರ್ ಅಡಿಯಲ್ಲಿ. ಒಬ್ಬರು ತಂದ ಡಿಸ್ಕಿನ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ‘ಗೃಹಪ್ರವೇಶ’ ಅಂತ ಬರೆದಿತ್ತು. ಬೆಳಕಿಗೆ ಹಿಡಿದರೆ ‘ಗೃ’ ಅಕ್ಷರದ ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುತ್ತಿದ್ದವು. ಅಂಟಿನ ಲೇಬಲ್ ಹಚ್ಚಿ ಆಮೇಲೆ ಕಿತ್ತರೂ ಇದೇ ಗತಿ.

ಮನೆಯಲ್ಲಿ ಇಂಥ ಡಿಸ್ಕು ಉಳಿದಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ತಂದು ಈಗಲೇ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಒಂದು ಡ್ರೈವ್ ಓದದಿದ್ದರೆ ಬೇರೆಯದರಲ್ಲಿ ಹಾಕಿ, ಬರೆದ ಡ್ರೈವೇ ಸಿಕ್ಕರೆ ಇನ್ನೂ ಒಳ್ಳೆಯದು. ಕನ್ನಡದ ಫೈಲಾದರೆ ಆಗಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳನ್ನೂ ಹುಡುಕಿಟ್ಟುಕೊಳ್ಳಿ. ಅವು ಕನ್ನಡಕ್ಕೆ ಯೂನಿಕೋಡ್ (ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ) ಬಳಕೆಗೆ ಬರುವ ಮುಂಚಿನ ಬಗೆಯವು. ಫಾಂಟ್ ಇಲ್ಲದಿದ್ದರೆ ಡಿಸ್ಕು ಪೂರ್ತಿ ಓದಿದರೂ ತೆರೆಯ ಮೇಲೆ ಬರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಸಾಗಾಟಕ್ಕೆ ಐದರಲ್ಲಿ ನಾಲ್ಕು ಅಂಕ, ಸಂಗ್ರಹಕ್ಕೆ ಒಂದೂವರೆ. ಹೊಸದಾಗಿ ಕೊಳ್ಳಿ ಅಂತ ಈಗ ಯಾರಿಗೂ ಹೇಳೋದಿಲ್ಲ.