ಎತ್ತರವೇ ಜೆರ್ಮಾಟ್‌ನ ಭರವಸೆ

ಆಲ್ಪ್ಸ್ ಪರ್ವತಗಳಲ್ಲಿ ಸ್ಕೀ ತಾಣವನ್ನು ಆರಿಸುವಾಗ ನಾನು ಮೊದಲು ನೋಡುವುದು ಎತ್ತರವನ್ನು, ಏಕೆಂದರೆ ತಗ್ಗಿನ ತಾಣಗಳಲ್ಲಿ ಹಿಮ ಕೈಕೊಟ್ಟರೆ ಇಡೀ ರಜೆಯೇ ವ್ಯರ್ಥವಾಗುತ್ತದೆ. ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಈ ವಿಷಯದಲ್ಲಿ ನಿಶ್ಚಿಂತೆ ನೀಡುತ್ತದೆ: ಊರು ಸುಮಾರು 1,600 ಮೀಟರ್ ಎತ್ತರದಲ್ಲಿದ್ದರೆ, ಕೇಬಲ್ ಕಾರು 3,883 ಮೀಟರಿನವರೆಗೆ ಒಯ್ಯುತ್ತದೆ; ಹವಾಮಾನ ಅನುಕೂಲಿಸಿದರೆ ಅಲ್ಲಿಂದ ಗಡಿ ದಾಟಿ ಇಟಲಿಯ ಚೆರ್ವಿನಿಯಾಕ್ಕೂ ಜಾರಿಹೋಗಬಹುದು. ಪೆಟ್ರೋಲ್ ಕಾರುಗಳಿಗೆ ಊರೊಳಗೆ ಪ್ರವೇಶವಿಲ್ಲದ ಕಾರಣ ವಾಹನವನ್ನು ಟೇಶ್‌ನಲ್ಲಿ ಬಿಟ್ಟು ರೈಲು ಹಿಡಿಯಬೇಕು. ಸಾಮಾನು ಹೊತ್ತವರಿಗೆ ಇದು ತುಸು ತ್ರಾಸವೇ ಸರಿ, ಆದರೆ ಆ ಬೀದಿಗಳ ಪ್ರಶಾಂತತೆಗೆ ನಾನು ಮನಸೋತಿದ್ದೇನೆ. 1898ರಿಂದ ಓಡುತ್ತಿರುವ ಗೋರ್ನರ್‌ಗ್ರಾಟ್ ರೈಲಿನಿಂದ ಮ್ಯಾಟರ್‌ಹಾರ್ನ್ ಶಿಖರವನ್ನು ತಪ್ಪದೆ ನೋಡಿ. ಖರ್ಚು ಹೆಚ್ಚು. ಮೊದಲ ಬಾರಿಗೆ ಸ್ಕೀ ಕಲಿಯುವವರಿಗೆ ಇದಕ್ಕಿಂತ ಚಿಕ್ಕದಾದ, ಸೌಮ್ಯ ಇಳಿಜಾರುಗಳ ತಾಣವನ್ನೇ ಸೂಚಿಸುತ್ತೇನೆ.