‘ಸಾಕು’ ಎಂದರೆ ಸಾಲದು: ಧಾರವಾಡದ ಒಂದು ಖಾನಾವಳಿಯ ಊಟ

ಕೆಲಸದ ನಿಮಿತ್ತ ಮೂರು ತಿಂಗಳು ಧಾರವಾಡದಲ್ಲಿ ಉಳಿಯಬೇಕಾಗಿ ಬಂದಾಗ, ಮೈಸೂರಿನವನಾದ ನಾನು ವಾರಕ್ಕೆ ನಾಲ್ಕು ದಿನವಾದರೂ ಮಧ್ಯಾಹ್ನದ ಊಟವನ್ನು ಒಂದೇ ಖಾನಾವಳಿಯಲ್ಲಿ ಮಾಡಿದೆ. ಕೊರತೆಗಳನ್ನೂ ಬರೆಯಲಿರುವುದರಿಂದ ಅದು ಯಾವುದೆಂದು ಹೇಳುವುದಿಲ್ಲ. ಹಳೆಯ ಹೆಂಚಿನ ಮನೆಯೊಂದರ ಪಡಸಾಲೆ, ಆರು ಮೇಜು, ಗೋಡೆಗೆ ಬಸವಣ್ಣನ ಪಟ, ಬಾಗಿಲ ಪಕ್ಕದಲ್ಲಿ ಗಲ್ಲಾ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ.

ರುಚಿಯ ಮಾತು ಮೊದಲು. ತಾಟಿನಲ್ಲಿ ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ನಮ್ಮ ಕಡೆಯ ಮಾತಿನಲ್ಲಿ ಚಟ್ನಿಪುಡಿ), ಗಟ್ಟಿ ಮೊಸರು, ಹಸಿ ಮೆಂತ್ಯದ ಸೊಪ್ಪು ಮತ್ತು ಸೀಳಿದ ಉಳ್ಳಾಗಡ್ಡಿ ಇರುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ಹೆದರಿದ ನನಗೆ ಬಾಯಿ ಉರಿಯಲಿಲ್ಲ. ಆ ಕಾಯಿಯಲ್ಲಿ ಕೆಂಪು ಹೆಚ್ಚು, ಖಾರ ಕಡಿಮೆ. ಆದರೆ ಇಲ್ಲಿಯ ನಿಜವಾದ ಪದಾರ್ಥ ಬಿಸಿ ರೊಟ್ಟಿಯೇ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲವಾದ್ದರಿಂದ ಕುದಿಯುವ ಎಸರು ಹೊಯ್ದು ನಾದಿ, ಕೈಯಿಂದಲೇ ಬಡಿದು ಅಗಲ ಮಾಡಿ, ಹೆಂಚಿಗೆ ಹಾಕಿದ ಮೇಲೆ ನೀರು ಸವರಿ, ಕೊನೆಗೆ ಉರಿಗೆ ಹಿಡಿದು ಉಬ್ಬಿಸಬೇಕು. ಆರಿದರೆ ಅದರ ಮೆದುತನ ಹೋಗುತ್ತದೆ. ಆದ್ದರಿಂದ ಒಂದೊಂದಾಗಿಯೇ ಬಡಿಸುತ್ತಾರೆ, ಪ್ರತಿಸಲವೂ ಕೇಳಿ ಬಡಿಸುತ್ತಾರೆ. ನನ್ನ ತೊಂದರೆ ಆರಂಭವಾದದ್ದು ಆ ಕೇಳುವಿಕೆಯಲ್ಲಿ.

ಮೊದಲ ದಿನ ಎರಡು ರೊಟ್ಟಿಯಾದ ಮೇಲೆ ನಾನು ‘ಸಾಕು’ ಎಂದೆ. ಮೂರನೆಯದು ಬಿತ್ತು. ನಮ್ಮ ಕಡೆ ಮದುವೆಯ ಪಂಕ್ತಿಯಲ್ಲಿ ಒತ್ತಾಯ ಮಾಡುತ್ತಾರೆಯೇ ಹೊರತು, ಹಣ ಕೊಟ್ಟು ತಿನ್ನುವ ಹೋಟೆಲಿನಲ್ಲಿ ಸಾಕು ಎಂದರೆ ಸಾಕೇ. ಇಲ್ಲಿ ಮೊದಲ ‘ಸಾಕು’ ಸಂಕೋಚದ್ದು, ಎರಡನೆಯದು ಮರ್ಯಾದೆಗೆ ಹೇಳಿದ್ದು. ಎರಡೂ ಅಂಗೈಯನ್ನು ತಾಟಿನ ಮೇಲೆ ಅಡ್ಡ ಹಿಡಿದು ‘ಸಾಕ್ರೀ, ಹೊಟ್ಟಿ ತುಂಬೇತ್ರಿ’ ಎಂದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಅಷ್ಟರೊಳಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಅವ್ವನವರು, ‘ಯಾಕ್ರೀ ಸರ್ರ, ರುಚಿ ಆಗಿಲ್ಲೇನ್ರಿ?’ ಎಂದು ಕೇಳಿದರು. ಈ ಪ್ರಶ್ನೆಗೆ ಇನ್ನೊಂದು ರೊಟ್ಟಿ ತಿನ್ನುವುದರ ಹೊರತು ಬೇರೆ ಉತ್ತರವಿಲ್ಲ. ತಿನ್ನಲಾಗದೆ ಅರ್ಧವನ್ನು ತಾಟಿನಲ್ಲೇ ಬಿಟ್ಟು ಎದ್ದೆ. ಅವರು ಏನೂ ಅನ್ನಲಿಲ್ಲ. ಮರುದಿನದಿಂದ ನನ್ನ ಮೂರನೆಯ ರೊಟ್ಟಿ ಅರ್ಧ ಮುರಿದೇ ಬಂದಿತು. ಬೇಡವೆನ್ನುವುದು ಕ್ಷಮಿಸಬಹುದಾದ ತಪ್ಪು, ಬಿಡುವುದು ಅಲ್ಲ. ದಾಸೋಹದ ಮಾತು ಕೇಳಿ ಬೆಳೆದ ನಾಡಿನಲ್ಲಿ ಇದು ಸಹಜವೇ ಇರಬೇಕು.

ಇದು ವ್ಯಾಪಾರದ ಉಪಾಯವಲ್ಲ. ರೊಟ್ಟಿ ಎಷ್ಟು ತಿಂದರೂ ಬೆಲೆ ಒಂದೇ, 100 ರೂಪಾಯಿ. ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾದಂದಿನಿಂದ ಧಾರವಾಡವು ಓದುವ ಮಕ್ಕಳ ಊರು. ಸುತ್ತಲ ಹಳ್ಳಿಗಳ ತಾಯಂದಿರು ಬಸ್ಸಿನಲ್ಲಿ ಬುತ್ತಿ ಕಳಿಸುತ್ತಿದ್ದರು. ಬುತ್ತಿ ಬಾರದ ದಿನ ಹುಡುಗರಿಗೆ ಖಾನಾವಳಿಯೇ ಗತಿಯಾಗಿತ್ತು. ತಿಂಗಳ ಲೆಕ್ಕದಲ್ಲಿ ಉಣ್ಣುವ ಹುಡುಗರು ಇಲ್ಲಿ ಈಗಲೂ ಇದ್ದಾರೆ. ಒಬ್ಬನು ಎರಡು ದಿನ ಬಾರದಿದ್ದರೆ, ಮೂರನೆಯ ದಿನ ಎಲ್ಲರೆದುರೇ ವಿಚಾರಣೆಯಾಗುತ್ತದೆ. ಇದನ್ನು ಅಕ್ಕರೆ ಎನ್ನಬೇಕೋ ಅಧಿಕಪ್ರಸಂಗ ಎನ್ನಬೇಕೋ ನನಗೆ ತೀರ್ಮಾನಿಸಲಾಗಲಿಲ್ಲ. ಹುಡುಗರಂತೂ ತಲೆ ತಗ್ಗಿಸಿ ಉತ್ತರ ಕೊಡುತ್ತಾರೆ.

ಬಾಗಿಲ ಮೇಲೆ ‘ಲಿಂಗಾಯತ ಖಾನಾವಳಿ’ ಎಂಬ ಫಲಕವಿದೆ. ಮೊದಲ ಸಲ ಅದನ್ನು ಓದಿ ನಾನು ಹೊರಗೇ ನಿಂತಿದ್ದೆ. ಹುಬ್ಬಳ್ಳಿ-ಧಾರವಾಡದವರು ಅದನ್ನು ಸಸ್ಯಾಹಾರ ಎಂದು ಓದಿಕೊಳ್ಳುತ್ತಾರೆ. ಫಲಕದಲ್ಲಿ ‘ಸಾವಜಿ’ ಎಂದಿದ್ದರೆ ಖಾರದ ಮಾಂಸದೂಟ. ಒಳಗೆ ಬಂದವರ ಜಾತಿಯನ್ನು ಯಾರೂ ಕೇಳಿದ್ದನ್ನು ನಾನು ನೋಡಲಿಲ್ಲ. ಆದರೂ ಒಲೆಯ ಮುಂದೆ ಕುಳಿತವರು ಯಾರು ಎಂಬ ಭರವಸೆಯನ್ನು ಆ ಫಲಕ ಗಿರಾಕಿಗೆ ಕೊಡುತ್ತಲೇ ಇದೆ. ಸಂವಿಧಾನದ 15ನೆಯ ವಿಧಿಯು ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು, ಬಾಗಿಲ ಮೇಲಿನ ಹೆಸರನ್ನು ಮುಟ್ಟಲಿಲ್ಲ. ಜಾತಿ ಬೇಡವೆಂದ ಹನ್ನೆರಡನೆಯ ಶತಮಾನದ ಶರಣರ ಪಟದ ಕೆಳಗೆ ಕುಳಿತು ಇದನ್ನು ಯೋಚಿಸುವಾಗ ತುತ್ತು ಸ್ವಲ್ಪ ನಿಧಾನವಾಗುತ್ತದೆ.

ಇನ್ನೊಂದು ಸಂಗತಿ ಕಿವಿಗೆ ಬಿದ್ದದ್ದು ತಿಂಗಳಾದ ಮೇಲೆ. ಹದಿನೆಂಟರ ವಿದ್ಯಾರ್ಥಿಗೂ ಇಲ್ಲಿ ‘ಬರ್ರಿ, ಕುಂದರ್ರಿ’ ಎನ್ನುತ್ತಾರೆ. ಮೈಸೂರಿನಲ್ಲಿ ಆ ವಯಸ್ಸಿನವನಿಗೆ ‘ಬಾಪ್ಪ’ ಎಂದಷ್ಟೇ ಸಿಗುತ್ತಿತ್ತು. ಆದರೆ ಗಲ್ಲಾದಲ್ಲಿ ಕುಳಿತ ಯಜಮಾನರು ಒಳಗೆ ಕೂಗುವುದು, ‘ಎಷ್ಟ ರೊಟ್ಟಿ ಉಳದಾವ?’ ಒಳಗಿನಿಂದ ಬರುವ ಉತ್ತರ, ‘ಹದಿನೈದ ಅದಾವ್ರಿ’. ಆ ‘ರಿ’ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಬೆಳಗ್ಗೆಯಿಂದ ಹೊಗೆಯಲ್ಲಿ ರೊಟ್ಟಿ ಬಡಿಯುವವರು ಅವರ ಹೆಂಡತಿ ಮತ್ತು ಕೂಲಿಗೆ ಬರುವ ಇನ್ನೊಬ್ಬ ಹೆಂಗಸು. ಹಣ ಎಣಿಸುವವರು ಯಜಮಾನರು. ಊಟದ ಸಮಯ ಮುಗಿಯಿತೆಂದು ನಿರ್ಧರಿಸುವವರು ಮಾತ್ರ ಅವ್ವನವರೇ. ಅವರು ಹೆಂಚು ಇಳಿಸಿದರೆಂದರೆ ಯಜಮಾನರ ಗೆಳೆಯ ಬಂದರೂ ಬಿಸಿ ರೊಟ್ಟಿಯಿಲ್ಲ.

ಕೊರತೆಗಳಿವೆ. ಅನ್ನ ಬಹಳ ಸಲ ಮುದ್ದೆಗಟ್ಟಿರುತ್ತದೆ, ಸಾರು ಹೆಸರಿಗಷ್ಟೇ. ಒಲೆಯ ಹೊಗೆ ಪಡಸಾಲೆಗೂ ಬರುತ್ತದೆ. ಕೈ ತೊಳೆಯುವ ಜಾಗ ಮೇಜಿಗೆ ತೀರ ಹತ್ತಿರ. ಪಾರ್ಸೆಲ್ ತೆಗೆದುಕೊಳ್ಳಬೇಡಿ, ಹಾಳೆಯಲ್ಲಿ ಸುತ್ತಿದ ರೊಟ್ಟಿ ಮನೆ ಸೇರುವಷ್ಟರಲ್ಲಿ ಬೆವತು ತೊಗಲಿನಂತಾಗಿರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋದರೆ ಜಾಗ ಸಿಗುತ್ತದೆ, ಎರಡರ ಮೇಲೆ ಎಣ್ಣೆಗಾಯಿ ಸಿಗುವುದಿಲ್ಲ.

ಊರು ಬಿಡುವ ಹಿಂದಿನ ದಿನ ಜಿಟಿಜಿಟಿ ಮಳೆಯಲ್ಲಿ ಛತ್ರಿ ಮರೆತು ಬಂದು, ಮೂರೂವರೆಗೆ ಮತ್ತೆ ಹೋದೆ. ಹೆಂಗಸರಿಬ್ಬರೂ ಆಗ ಊಟಕ್ಕೆ ಕುಳಿತಿದ್ದರು. ಪಲ್ಯ ತೀರಿತ್ತು; ಆರಿದ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ ಅಷ್ಟೇ. ನನ್ನನ್ನು ಕಂಡ ತಕ್ಷಣ ಅವ್ವನವರು ತುತ್ತು ತಡೆದು, ‘ಬರ್ರಿ ಸರ್ರ, ಊಟ ಮಾಡೂಣು ಬರ್ರಿ’ ಎಂದರು. ಅಷ್ಟು ದಿನಗಳಲ್ಲಿ ಕಲಿತಿದ್ದರಿಂದ, ‘ಆತ್ರೀ, ನೀವು ಮಾಡ್ರಿ’ ಎಂದು ಛತ್ರಿ ತೆಗೆದುಕೊಂಡು ಹೊರಬಂದೆ.