ಮೀಡಿಯಾವಿಕಿ ಡಾಕರ್: ನಮ್ಮ ಗಣಕದಲ್ಲೇ ಒಂದು ಕನ್ನಡ ವಿಕಿ

ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಅದರ ಸೋರ್ಸ್ ಕೋಡ್ ತಿದ್ದಲು ಹೊರಟವರು ಮೊದಲು ತಮ್ಮ ಗಣಕದಲ್ಲಿ ಒಂದು ವಿಕಿಯನ್ನು ನಿಲ್ಲಿಸಿಕೊಳ್ಳಬೇಕು. ಅಪಾಚಿ ಎಂಬ ವೆಬ್ ಸರ್ವರ್, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ, ಡೇಟಾಬೇಸ್‌ಗಳನ್ನು ಒಂದೊಂದಾಗಿ ಸ್ಥಾಪಿಸಿ ಅವುಗಳ ಆವೃತ್ತಿಗಳನ್ನು ಹೊಂದಿಸುವ ಶ್ರಮವನ್ನು, ಸೋರ್ಸ್ ಕೋಡಿನ ಜೊತೆಯಲ್ಲೇ ಬರುವ ಮೀಡಿಯಾವಿಕಿ ಡಾಕರ್ ಬಹುಮಟ್ಟಿಗೆ ಇಲ್ಲವಾಗಿಸುತ್ತದೆ. ಡಾಕರ್ ಎಂದರೆ ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರ ಸಮೇತ ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿಟ್ಟು ಓಡಿಸುವ ಸಾಧನ.

ಮೀಡಿಯಾವಿಕಿಯ ಕೋಡ್ ಇರುವ ಗೆರಿಟ್ ತಾಣದಿಂದ ಅದನ್ನು ಇಳಿಸಿಕೊಂಡು, ಪರಿಸರದ ವಿವರಗಳಿರುವ ಎನ್ವ್ ಕಡತವನ್ನು ಬರೆದು, ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಚಾಲೂ ಮಾಡಿ, ಬೇಕಾದ ಪಿಎಚ್‌ಪಿ ಲೈಬ್ರರಿಗಳನ್ನು ತರುವ ಕಂಪೋಸರ್ ಹಾಗೂ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳನ್ನು ಓಡಿಸಿದರೆ ಲೋಕಲ್‌ಹೋಸ್ಟ್‌ನ, ಅಂದರೆ ನಮ್ಮದೇ ಗಣಕದ, 8080ನೇ ಪೋರ್ಟಿನಲ್ಲಿ ವಿಕಿ ತೆರೆದುಕೊಳ್ಳುತ್ತದೆ. ಇಳಿಸುವಾಗ ಪೂರ್ತಿ ಇತಿಹಾಸವನ್ನು ಬಿಟ್ಟು ಇತ್ತೀಚಿನ ಪ್ರತಿಯನ್ನಷ್ಟೇ ತರುವುದು ಲೇಸು. ನಿಧಾನಗತಿಯ ಇಂಟರ್ನೆಟ್ ಇರುವವರಿಗೆ ಇದು ದೊಡ್ಡ ಉಳಿತಾಯ.

ಹೊಸಬರು ಎಡವುವ ಜಾಗಗಳು ಎರಡು. ಲಿನಕ್ಸ್‌ನಲ್ಲಿ ನಮ್ಮ ಬಳಕೆದಾರ ಸಂಖ್ಯೆ ಮತ್ತು ಗುಂಪು ಸಂಖ್ಯೆಗಳನ್ನು ಎನ್ವ್ ಕಡತದಲ್ಲಿ ನಮೂದಿಸದಿದ್ದರೆ, ಕಂಟೇನರ್ ಸೃಷ್ಟಿಸಿದ ಕಡತಗಳ ಒಡೆತನ ಬೇರೆಯಾಗಿ ಅನುಮತಿಯ ತೊಡಕು ಎದುರಾಗುತ್ತದೆ. ಇನ್ನೊಂದು, ಪುಟದ ನೋಟವನ್ನು ನಿರ್ಧರಿಸುವ ಸ್ಕಿನ್ ಪ್ರತ್ಯೇಕವಾಗಿ ಇಳಿಸಬೇಕಾದ ವಸ್ತು. ವೆಕ್ಟರ್ ಸ್ಕಿನ್ ತಂದು ವಿಕಿಯ ಹೊಂದಿಕೆಗಳಿರುವ ಲೋಕಲ್‌ಸೆಟ್ಟಿಂಗ್ಸ್ ಕಡತದಲ್ಲಿ ಸೇರಿಸುವವರೆಗೆ ಅಂದಗೆಟ್ಟ ಎಚ್ಚರಿಕೆಯ ಪುಟವಷ್ಟೇ ಕಾಣುತ್ತದೆ. ಸ್ಥಾಪನೆ ಕೆಟ್ಟಿದೆಯೆಂದು ಭಾವಿಸಿ ಅಲ್ಲಿಗೇ ಕೈಬಿಡಬಾರದು.

ಮೊದಲಿಗೆ ದೊರೆಯುವ ಡೇಟಾಬೇಸ್ ಎಸ್‌ಕ್ಯೂಲೈಟ್. ಕಲಿಕೆಗೆ ಇಷ್ಟು ಸಾಕು. ಆದರೆ ವಿಕಿಪೀಡಿಯ ಬಳಸುವುದು ಮಾರಿಯಾಡಿಬಿಯನ್ನಾದ್ದರಿಂದ, ಡೇಟಾಬೇಸ್ ಸಂಬಂಧಿತ ತಿದ್ದುಪಡಿ ಮಾಡುವವರು ಡಾಕರ್ ಕಂಪೋಸ್‌ನ ಮೂಲ ಹೊಂದಿಕೆಗಳನ್ನು ಬದಲಿಸುವ ಓವರ್‌ರೈಡ್ ಕಡತ ಬರೆದು ಮಾರಿಯಾಡಿಬಿಗೆ ಬದಲಿಸಿಕೊಳ್ಳುವುದೇ ಸರಿ. ದೋಷ ಹುಡುಕಲು ಎಕ್ಸ್‌ಡೀಬಗ್ ಮೊದಲೇ ಸೇರಿದೆ.

ಈ ಪರಿಸರವನ್ನು ನಾನು ಮನಸಾರೆ ಮೆಚ್ಚುವುದು ಕನ್ನಡದ ಕೆಲಸಕ್ಕೆ ಕೂತಾಗ. ವಿಕಿಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿದೊಡನೆ, ಇಂಗ್ಲಿಷಿನ ಅಳತೆಗೆ ರೂಪಿಸಿದ ಗುಂಡಿಗಳಲ್ಲಿ ನಮ್ಮ ಉದ್ದನೆಯ ಪದಗಳು ಹೇಗೆ ಕೂರುತ್ತವೆ, ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತಿದೆಯೇ ಎಂಬುದೆಲ್ಲ ಕಣ್ಣೆದುರಿಗೇ ಇರುತ್ತದೆ. ಸ್ಟೈಲ್ ಕಡತವನ್ನು ತಿದ್ದಿ ಪುಟವನ್ನು ಮರುತೆರೆದರೆ ಫಲಿತಾಂಶ ತಿಳಿಯುತ್ತದೆ. ಕಂಟೇನರನ್ನು ಮತ್ತೆ ಕಟ್ಟಬೇಕಿಲ್ಲ. ಎಡವಟ್ಟಾದ ಅನುವಾದವೊಂದು ಕಂಡರೆ, ವಿಳಾಸದಲ್ಲಿ ಭಾಷೆಯನ್ನು ಕ್ಯೂಕ್ಯೂಎಕ್ಸ್ (qqx) ಎಂದು ಕೊಟ್ಟಾಗ ಪ್ರತಿ ಸಂದೇಶದ ಜಾಗದಲ್ಲಿ ಅದರ ಕೀಲಿಪದವೇ ಮೂಡುತ್ತದೆ. ಆ ಕೀಲಿಪದ ಹಿಡಿದು ಕನ್ನಡ ಸಂದೇಶಗಳಿರುವ ಜೇಸಾನ್ ಕಡತದಲ್ಲಿ ಬೇರೆ ಪದ ಹಾಕಿ ನೋಡಬಹುದು. ಅಂತಿಮ ತಿದ್ದುಪಡಿಯನ್ನು ಮಾತ್ರ ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲೇ ಮಾಡಬೇಕು, ಏಕೆಂದರೆ ಅನುವಾದಗಳು ಕೋಡಿಗೆ ಬಂದು ಸೇರುವುದು ಅಲ್ಲಿಂದ.

ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್ ಎಂಬ ವಿಸ್ತರಣೆಯನ್ನೂ ಜೋಡಿಸಿಕೊಂಡರೆ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕಗಪ ಕೀಲಿಮಣೆ ವಿನ್ಯಾಸಗಳನ್ನು, ಅರ್ಕಾವತ್ತು ಮತ್ತು ಒತ್ತಕ್ಷರಗಳ ಸಮೇತ, ಮನೆಯ ಗಣಕದಲ್ಲೇ ಸಾವಧಾನವಾಗಿ ಪರೀಕ್ಷಿಸಬಹುದು.